ಶಿರ್ತಾಡಿಯ ಹಾಯಿದೋಣಿ

ಶಿರ್ತಾಡಿಯಲ್ಲಿ ಹಾಯಿದೋಣಿ ಇರುವ ಮನೆ ನನ್ನದೊಂದೇ. ಹಾಯಿ ಬಿಡುವಷ್ಟು ನೀರು ನಮ್ಮ ಆಸುಪಾಸಿನಲ್ಲಿ ಎಲ್ಲೂ ಇಲ್ಲ ಎಂಬುದು ಬೇರೆ ಮಾತು. ಬಹರೈನಿನ ಹೋಟೆಲೊಂದರ ಆಫೀಸಿನಲ್ಲಿ ಕುಳಿತು, ಕಿಟಕಿಯಾಚೆಯ ಬಿಳಿ ಹಾಯಿಗಳನ್ನು ನೋಡುತ್ತಾ ತಲೆ ನರೆತವನು ನಾನು. ಊರಿಗೆ ಮರಳಿದ ಮೇಲೆ, ಮುಚ್ಚಿಹೋದ ರೆಸಾರ್ಟೊಂದರ ಮೂಲೆಯಲ್ಲಿ ಬಿದ್ದಿದ್ದ ಪುಟ್ಟ ಮರದ ದೋಣಿಯನ್ನು ಟ್ರೈಲರ್ ಸಮೇತ ತಂದೆ. ಹೆಂಡತಿ ಶಶಿಪ್ರಭಾ ಅದಕ್ಕೊಂದು ಸುತ್ತು ಬಂದು, "ಸೌದೆ ಒಳ್ಳೇದುಂಟು" ಎಂದಳು.

ನೆರೆಮನೆಯ ನೋಣಯ್ಯ, "ಹೊಳೆ ಯಾವಾಗ ತರ್ತೀರಿ ಶೀನಪ್ಪಣ್ಣ?" ಎಂದು ಕೇಳಿದ. ಅವನ ಬಾಯಿ ಮುಚ್ಚಿಸಲೆಂದೇ ಕೆಲಸಕ್ಕೆ ಕೈಹಾಕಿದೆ. ಹಲಗೆಗಳ ಸಂದಿಗೆ ಹತ್ತಿಯ ನೂಲು ತುಂಬಿದೆ. ಹಳಬರು ದೋಣಿಗೆ ಗೇರುಬೀಜದ ಸಿಪ್ಪೆಯ ಎಣ್ಣೆ ಹಚ್ಚುತ್ತಿದ್ದರೆಂದು ನೆನಪಿತ್ತು. ಅದು ಚರ್ಮ ಸುಡುತ್ತದೆಂದು ಮೊದಲು ಕೈಗೆ ತೆಂಗಿನೆಣ್ಣೆ ಸವರಿಕೊಳ್ಳುತ್ತಿದ್ದರೆಂಬುದು ನೆನಪಿರಲಿಲ್ಲ. ನಡುವೆ ಮೂಗು ಬೇರೆ ತುರಿಸಿಕೊಂಡೆ. ಮುಖವೆಲ್ಲ ಬೊಬ್ಬೆಯೆದ್ದು, ಕೆಲವು ದಿನ ನೋಣಯ್ಯನ ಕಣ್ಣಿಗೆ ಬೀಳದಂತೆ ಒಳಗೇ ಇದ್ದೆ. ದೋಣಿ ಮಾತ್ರ ಮಿಂಚುತ್ತಿತ್ತು.

ಹಾಯಿ ನಡೆಸುವುದನ್ನು ಯೂಟ್ಯೂಬಿನಲ್ಲಿ ಕಲಿತೆ. ಅಂಗಳದಲ್ಲೇ, ಟ್ರೈಲರಿನ ಮೇಲಿನ ದೋಣಿಯೊಳಗೆ ಕುಳಿತು, ಎದುರಿಗೆ ಪೆಡೆಸ್ಟಲ್ ಫ್ಯಾನ್ ಇಟ್ಟುಕೊಂಡು ಅಭ್ಯಾಸ. ಕರೆಂಟು ಹೋದರೆ ಗಾಳಿ ಬಿತ್ತೆಂದುಕೊಂಡು ಚುಕ್ಕಾಣಿ ಹಿಡಿದು ಕಾಯುತ್ತಿದ್ದೆ. ಅಂಥ ಒಂದು ಹೊತ್ತಿನಲ್ಲೇ ಶಶಿ ಷರತ್ತು ಹಾಕಿದಳು.

"ನೋಡಿ, ಮಳೆಗಾಲದ ಮೊದ್ಲು ಇದನ್ನು ನೀರಿಗೆ ಇಳಿಸ್ಬೇಕು. ಹೊರಟಲ್ಲಿಗೇ ತಿರುಗಿ ಬರ್ಬೇಕು. ಇಲ್ಲದಿದ್ರೆ ಕಡಿದು ಬಚ್ಚಲ ಒಲೆಗೆ ಹಾಕ್ತೇನೆ."

ಹಾಕುವವಳೇ. ದೋಣಿ ಸುಡುವುದಕ್ಕಿಂತ, ಆ ಬಿಸಿನೀರಿನಲ್ಲಿ ಮೀಯಬೇಕಾದ ನನ್ನ ಗತಿ ನೆನೆದು ಹೆದರಿದೆ.

ಏಪ್ರಿಲಿನಲ್ಲಿ ಜೀಪಿನ ಹಿಂದೆ ಟ್ರೈಲರ್ ಕಟ್ಟಿ ತುಂಬೆ ಡ್ಯಾಮಿನ ಹಿನ್ನೀರಿಗೆ ಹೊರಟೆವು. ಮೂಡುಬಿದಿರೆ ಪೇಟೆಯಲ್ಲಿ ಜನ ನಿಂತು ನೋಡಿದರು. ನಾನು ಕೈಬೀಸಿದೆ, ಯಾವ ಪಕ್ಷವೆಂದು ಒಬ್ಬ ಕೇಳಿದ. ಹೊಳೆಯ ದಡದಲ್ಲಿ ರಿವರ್ಸ್ ತೆಗೆದರೆ ಟ್ರೈಲರ್ ನಾನು ಹೇಳಿದ ಕಡೆಯೊಂದನ್ನು ಬಿಟ್ಟು ಎಲ್ಲ ಕಡೆಗೂ ಹೋಯಿತು. ಶಶಿ ನನ್ನನ್ನು ಇಳಿಸಿ, ತಾನು ಕುಳಿತು, ಒಂದೇ ಸಲಕ್ಕೆ ನೀರಿಗಿಳಿಸಿದಳು. ನಾನು ಗಲ್ಫಿನಲ್ಲಿದ್ದಷ್ಟು ವರ್ಷ ಜೀಪು, ಗದ್ದೆ, ಮಕ್ಕಳ ಶಾಲೆ ಎಲ್ಲವೂ ಅವಳ ಕೈಯಲ್ಲೇ ಇತ್ತು.

ಅವಳು ದಡದಲ್ಲೇ ನಿಂತಳು, ನಾನೊಬ್ಬನೇ ಹತ್ತಿದೆ. ಪಡುಗಾಳಿಗೆ ಹಾಯಿ ತುಂಬಿ ದೋಣಿ ಹೊರಟಿತು. ಒಣಗಿದ ಹಲಗೆಗಳ ನಡುವೆ ನೀರು ಜಿನುಗುತ್ತಿತ್ತು. ಒಂದು ಕೈಯಲ್ಲಿ ಚುಕ್ಕಾಣಿ, ಇನ್ನೊಂದರಲ್ಲಿ ಚೆಂಬು. ಆದರೂ ಕಣ್ಣು ತುಂಬಿ ಬಂತು, ಸುಳ್ಳೇಕೆ ಹೇಳಲಿ. ಅಷ್ಟು ವರ್ಷ ಗಾಜಿನಾಚೆ ನೋಡಿದ್ದು ಈಗ ನನ್ನ ಕೈಯಲ್ಲಿತ್ತು.

ಬೆನ್ನಿಗೆ ಗಾಳಿಯಿದ್ದರೆ ಯಾರು ಬೇಕಾದರೂ ಹಾಯಿ ನಡೆಸಬಹುದೆಂದು ತಿಳಿದದ್ದು ದೋಣಿ ತಿರುಗಿಸಿದಾಗ. ಗಾಳಿಗೆದುರಾಗಿ ಬರಲು ಅತ್ತಿತ್ತ ಓರೆಯಾಗಿ ಸಾಗಬೇಕು. ಫ್ಯಾನಿನೆದುರು ಅದು ನನಗೆ ಚೆನ್ನಾಗಿ ಬರುತ್ತಿತ್ತು. ಇಲ್ಲಿ ಓರೆಯಾದಾಗಲೆಲ್ಲ ಹಾಯಿಯ ಕೆಳಗಿನ ಮರ ತಲೆಗೆ ಬಡಿಯಿತು, ದೋಣಿ ಇನ್ನಷ್ಟು ಹಿಂದಕ್ಕೆ ಹೋಯಿತು. ಕೊನೆಗೆ ಆಚೆ ದಡದಲ್ಲಿ, ಸಜೀಪದ ಕಡೆಯ ಕೆಸರಿನಲ್ಲಿ ಹೂತು ನಿಂತಿತು. ಮೊಣಕಾಲುದ್ದ ಕೆಸರಿನಲ್ಲಿ ನಿಂತು ಶಶಿಗೆ ಫೋನ್ ಮಾಡಿದೆ.

ಅವಳು ಪಾಣೆಮಂಗಳೂರು ಸೇತುವೆ ದಾಟಿ ಜೀಪು, ಟ್ರೈಲರ್ ಸಮೇತ ಬಂದಳು. ಕತ್ತಿ ತಂದಿದ್ದಾಳೋ ಎಂದು ಕೈ ನೋಡಿದೆ. ಬರಿಗೈ. ಸೀರೆ ಎತ್ತಿ ಕಟ್ಟಿ ಕೆಸರಿಗಿಳಿದಳು, ಇಬ್ಬರೂ ಸೇರಿ ದೋಣಿಯನ್ನು ನೀರಿಗೆ ನೂಕಿದೆವು.

"ಸೋತೆ ಮಾರಾಯ್ತಿ. ಸೌದೆ ಮಾಡು," ಎಂದೆ.

ಅವಳು ಟ್ರೈಲರಿನ ಕಡೆ ನೋಡಲೂ ಇಲ್ಲ. ದೋಣಿ ಹತ್ತಿ ಕುಳಿತು, ಚೆಂಬಿನಿಂದ ನೀರು ಹೊರಗೆ ಚೆಲ್ಲತೊಡಗಿದಳು.

"ಹೋಗ್ಲಿಕ್ಕೆ ನಿಮ್ಗೆ ಮೊದ್ಲಿಂದ್ಲೂ ಗೊತ್ತುಂಟು. ವಾಪಸ್ ಬರ್ಲಿಕ್ಕೇ ಗೊತ್ತಿಲ್ಲದ್ದು. ಹತ್ತಿ, ಇಬ್ರೂ ಕಲಿಯುವ."

ನಾನು ಊರಿಗೆ ಬಂದು ಬಹಳ ಕಾಲವಾಯಿತೆಂದೇ ತಿಳಿದಿದ್ದೆ. ಅವಳ ಪಾಲಿಗೆ ನಾನಿನ್ನೂ ಬಂದಿರಲಿಲ್ಲ. ಕೆಸರುಗಾಲಿನಲ್ಲೇ ಹತ್ತಿ ಅವಳೆದುರು ಕುಳಿತೆ.