ಒಂದು ದಿನದ ಪರವಾನಗಿ

"ನಿನ್ನ ಗಂಡನ ಸೊಂಟ ಮುರೀತು ಅಂತ ನಾನು ಕಾಯ್ದೆ ಮುರೀಬೇಕೇನೇ, ಮುಂಡೇದೇ? ಟೇಪು ಎಳಿ. ಇನ್ನೂ ಅಪ್ಕೋ. ಗಂಡನ್ನ ಅಪ್ಕೊಂಡೋಳಿಗೆ ಮರ ಅಪ್ಕೊಳ್ಳೋಕೆ ನಾಚಿಕೆನಾ?"

ಹಗ್ಗದಕ್ಕ ಮರವನ್ನು ತಬ್ಬಿಕೊಂಡು ನಿಂತಿದ್ದಳು. ತೊಗಟೆ ಕೆನ್ನೆಗೆ ಒತ್ತುತ್ತಿತ್ತು. ಎರಡು ಕಟ್ಟಿರುವೆ ಕುತ್ತಿಗೆಯೊಳಗೆ ಇಳಿದಿದ್ದವು. ಎಷ್ಟು ತಬ್ಬಿದರೂ ಟೇಪಿನ ಎರಡು ತುದಿ ಕೂಡಲಿಲ್ಲ, ಆ ಕಡೆಯಿಂದ ಮೈದುನ ಕೈ ಕೊಟ್ಟ. ಮರದ ಸಾಹೇಬ ಮಾತ್ರ ಅಂಗಿಗೆ ಅಂಟು ತಾಗೀತೆಂದು ಎರಡು ಮಾರು ದೂರದಲ್ಲೇ ನಿಂತಿದ್ದ. ಊರಿನಲ್ಲಿ ಯಾವ ಮರ ಉಳಿಯಬೇಕು, ಯಾವುದು ಉರುಳಬೇಕು ಎಂದು ಬರೆಯಲು ನಗರಸಭೆ ಕೂರಿಸಿದ ಮನುಷ್ಯ ಅವನು.

"ಎರಡೂವರೆ ಮೀಟರು," ಎಂದ ಮೈದುನ.

"ಕೇಳಿಸ್ತಾ? ಎದೆಮಟ್ಟದಲ್ಲಿ ಎರಡು ಮೀಟರು ದಾಟಿದ್ರೆ ರಕ್ಷಿತ ಮರ. ಅದರ ಒಂದು ಕೊಂಬೆ ಕಡೀಬೇಕಾದ್ರೂ ನೋಟಿಸು ಅಂಟಿಸಿ ಮೂವತ್ತು ದಿನ ಕಾಯಬೇಕು. ಯಾರೂ ತಕರಾರು ಮಾಡಬಾರದು. ಮರ ಯಾರ ಜಾಗದಲ್ಲಿದೆಯೋ ಅವರು ಸೈನ್ ಹಾಕಬೇಕು."

ಜಾಗದ ಯಜಮಾನ ಬಂಗಲೆಯ ಹಿಂದಿನ ಮೆಟ್ಟಿಲ ಮೇಲೆ ಹಲ್ಲಿಗೆ ಕಡ್ಡಿ ಹಾಕುತ್ತಾ ನಿಂತಿದ್ದ. "ನಾನು ಹಾಕಲ್ಲ. ಆ ಕೊಂಬೆ ಹೋದ್ರೆ ಮಧ್ಯಾಹ್ನದ ಬಿಸಿಲು ನೇರ ನನ್ನ ಕಾರುಗಳ ಮೇಲೆ."

"ಕಾರಿಗೆ ಒಂದು ಹೊದಿಕೆ ಹಾಕ್ಬಹುದಲ್ಲ ಯಜಮಾನ್ರೇ," ಎಂದಳು ಹಗ್ಗದಕ್ಕ. "ನನ್ನ ಗಂಡನ ಮೇಲೆ ಏನು ಹಾಕ್ಲಿ?"

"ಇದರ ನಾಲಿಗೆ ನೋಡಿದ್ರಾ," ಎಂದು ಯಜಮಾನ ಸಾಹೇಬನ ಕಡೆ ತಿರುಗಿ ನಕ್ಕ.

ಬಂಗಲೆಯ ಹಿಂದೆ ತಗಡಿನ ಸೂರಿನ ಒಂಬತ್ತು ಕೋಣೆಗಳು ಒಂದೇ ಸಾಲಿನಲ್ಲಿದ್ದವು. ಯಜಮಾನನ ಕೆಲಸ ಮಾಡುವವರಿಗೆ, ಅವನಿಗೆ ಬಾಡಿಗೆ ಕೊಡುವವರಿಗೆ ಅಂತ ಕಟ್ಟಿಸಿದ್ದು. ಆ ಸಾಲಿನ ನೆತ್ತಿಯ ಮೇಲೆ ಈ ಮರದ ಅರ್ಧ ಒಣಗಿದ ಒಂದು ಕೊಂಬೆ ಚಾಚಿತ್ತು. ಹೋದ ಮಳೆಗಾಲದಲ್ಲಿ ಅದರ ತುದಿ ಮುರಿದು ಏಳನೇ ಕೋಣೆಯ ತಗಡನ್ನು ಸೀಳಿಕೊಂಡು ಒಳಗೆ ಬಿತ್ತು. ಕೆಳಗೆ ಹಗ್ಗದಕ್ಕನ ಗಂಡ ಮಧ್ಯಾಹ್ನದ ಊಟ ಮುಗಿಸಿ ಅಡ್ಡಾಗಿದ್ದ. ಮೂವತ್ತು ವರ್ಷ ಮರ ಹತ್ತಿದವನು, ಒಂದು ಸಲವೂ ಕಾಲು ಜಾರದವನು. ಮರದಿಂದ ಅವನು ಬೀಳಲಿಲ್ಲ, ಮರವೇ ಹಾಸಿಗೆಗೆ ಬಂದು ಅವನ ಮೇಲೆ ಬಿತ್ತು. ಸೊಂಟದ ಕೆಳಗೆ ಸ್ವಾಧೀನ ಹೋಯಿತು. ಕೊಂಬೆಯ ಬುಡದ ಕಡೆಯ ಅರ್ಧ, ಮನುಷ್ಯನ ಮೈಯಷ್ಟು ದಪ್ಪದ್ದು, ಇನ್ನೂ ಅವನ ಮಂಚದ ನೇರಕ್ಕೆ ಜೋತಾಡುತ್ತಿತ್ತು. ಅದನ್ನು ಇಳಿಸಲು ಅವಳು ಕೊಟ್ಟ ಅರ್ಜಿ ಇದು ಮೂರನೆಯದು.

ಮರ ಕಡಿಯುವುದೇ ಅವಳ ಕಸುಬು. ಕೆಳಗೆ ನಿಂತು ಹಗ್ಗ ಹಿಡಿದು, ಎಂಥ ಕೊಂಬೆಯನ್ನೂ ಹಸುಗೂಸಿನ ಹಾಗೆ ನೆಲಕ್ಕೆ ಇಳಿಸುತ್ತಾಳೆಂದೇ ಆ ಹೆಸರು ಬಂದಿತ್ತು. ಕದ್ದು ಕಡಿದರೆ ಅರ್ಧ ಗಂಟೆಯ ಕೆಲಸ. ಆದರೆ ಕಡಿದದ್ದು ಯಾರೆಂದು ಕೇಳಲು ಊರೆಲ್ಲ ಸುತ್ತಬೇಕಾಗಿರಲಿಲ್ಲ. ಕಸುಬಿನ ಕಾರ್ಡು ಹೋಗುತ್ತಿತ್ತು, ಕೋಣೆ ಹೋಗುತ್ತಿತ್ತು, ಅಲುಗಾಡಿಸಬಾರದ ಗಂಡನನ್ನು ಹೊತ್ತುಕೊಂಡು ಬೀದಿಗೆ ಇಳಿಯಬೇಕಾಗುತ್ತಿತ್ತು.

"ಸರಿ, ಮುಂದಿನ ಮರಕ್ಕೆ ಬನ್ನಿ," ಎಂದ ಸಾಹೇಬ. ಹೋಗುತ್ತಾ ಅವಳ ಅರ್ಜಿಯನ್ನು ನಾಲ್ಕಾಗಿ ಮಡಚಿ ಚಪ್ಪಲಿಗೆ ಅಂಟಿದ ಕೋಳಿಹಿಕ್ಕೆ ಒರೆಸಿಕೊಂಡ.

ಮುಂದಿನ ಮರ ಬಂಗಲೆಯ ಎದುರಿಗಿತ್ತು. ಗೋಡೆಗೆ ಹನ್ನೆರಡು ಹೆಜ್ಜೆ. ಯಜಮಾನ ಮಹಡಿಯ ಮೇಲೆ ಹೊಸದಾಗಿ ಗಾಜಿನ ಹಜಾರ ಕಟ್ಟಿಸಿದ್ದ, ಈ ಮರದಿಂದಾಗಿ ಅಲ್ಲಿ ಕೂತವರಿಗೆ ರಸ್ತೆ ಕಾಣುತ್ತಿರಲಿಲ್ಲ, ರಸ್ತೆಯವರಿಗೆ ಹಜಾರ ಕಾಣುತ್ತಿರಲಿಲ್ಲ. ಎರಡನೆಯದೇ ಅವನಿಗೆ ದೊಡ್ಡ ನೋವು. ಮರಕ್ಕೆ ಒಂದು ಹುಳುಕಿಲ್ಲ, ಒಂದು ಒಣಕಡ್ಡಿಯಿಲ್ಲ. ಇಬ್ಬರು ಕೈಕೈ ಹಿಡಿದರೂ ತಬ್ಬಲಾಗದ ಬುಡ.

ಹಗ್ಗದಕ್ಕ ಟೇಪು ಹಿಡಿದು ಬುಡದ ಹತ್ತಿರ ಹೋದಳು.

"ಅಲ್ಲಲ್ಲ. ಏಣಿ ತಗೊಂಬಾ. ಮೇಲೆ ಕವಲು ಒಡೆದಿದೆ ನೋಡು, ಅಲ್ಲಿ ಒಂದು ಕವಲಿಗೆ ಸುತ್ತು."

"ಎದೆಮಟ್ಟ ಅಂದ್ರಲ್ಲ ಸ್ವಾಮಿ."

"ಹೌದು, ಎದೆಮಟ್ಟವೇ."

"ಯಾರ ಎದೆ?"

"ಏಣಿ ಮೇಲೆ ನಿಂತವನ ಎದೆ ಕಣೇ," ಎಂದು ಸಾಹೇಬ ಯಜಮಾನನ ಭುಜ ತಟ್ಟಿ ನಕ್ಕ. ಯಜಮಾನ ಹೊಟ್ಟೆ ಹಿಡಿದುಕೊಂಡು ನಕ್ಕ. ಏಣಿಯ ಮೇಲಿನಿಂದ ಮೈದುನ "ಒಂದೂವರೆ" ಎಂದು ಕೂಗಿದ. ಸಾಹೇಬ ಕಾರಿನ ಮೂತಿಯ ಮೇಲೆ ಕಾಗದ ಇಟ್ಟು ಅಲ್ಲೇ ಬರೆದ, ಅಲ್ಲೇ ಮೊಹರು ಒತ್ತಿದ. "ನಾಳೆಯೇ ಕಡೀರಿ. ಹತ್ತಿರದಲ್ಲೇ ಕಡಿಯೋರು ಇದಾರಲ್ಲ."

"ಇವರೇ ಕಡೀತಾರೆ," ಎಂದ ಯಜಮಾನ. "ನನ್ನ ಸೂರಿನ ಕೆಳಗೆ ಇಟ್ಕೊಂಡು ಕೂಲಿಗೆ ಬೇರೆಯವರನ್ನ ಹುಡುಕ್ಲಾ?"

ಕೋಣೆಗೆ ಬಂದ ಮೇಲೆ ಮೈದುನ ಗರಗಸದ ಯಂತ್ರವನ್ನು ಮೂಲೆಗೆ ಕುಕ್ಕಿದ. "ನಾನು ಬರಲ್ಲ ಅತ್ತಿಗೆ. ಆ ನನ್ಮಗ ಅಣ್ಣನ ಹೆಣ ಬೀಳ್ಲಿ ಅಂತ ಕಾಯ್ತಿದಾನೆ, ನಾನು ಅವನ ಗಾಜಿನ ಮನೆಗೆ ಬೆಳಕು ಬಿಡ್ಲಾ?"

ಹಗ್ಗದಕ್ಕ ಪರವಾನಗಿ ಓದುತ್ತಿದ್ದಳು. ನಾಲ್ಕನೇ ಇಯತ್ತೆಯವರೆಗೆ ಕಲಿತಿದ್ದಳು. ಬೆರಳಿಟ್ಟು ಅಕ್ಷರಕ್ಕೆ ಅಕ್ಷರ ಕೂಡಿಸಿ ಓದಿದಳು. ಆಮೇಲೆ ಮಂಚದ ಮೇಲಿದ್ದ ಗಂಡನಿಗೆ ಕೇಳುವ ಹಾಗೆ ಹೇಳಿದಳು. "ಸಣ್ಣ ಮರ ಅಂತ ಬರ್ದಿದಾನೆ. ಸಣ್ಣ ಮರಕ್ಕೆ ಒಂದೇ ದಿನ. ಬೆಳಿಗ್ಗೆ ಒಂಬತ್ತರಿಂದ ಸಾಯಂಕಾಲ ಐದು."

ಗಂಡ ಸೂರು ನೋಡುತ್ತಲೇ ಇದ್ದ. ಸೀಳಿದ ತಗಡಿಗೆ ಕಟ್ಟಿದ ಪ್ಲಾಸ್ಟಿಕ್ಕಿನೊಳಗಿಂದ ಕೊಂಬೆಯ ಕಪ್ಪು ನೆರಳು ಕಾಣುತ್ತಿತ್ತು. "ಆ ಮರ ಒಂದು ದಿನಕ್ಕೆ ಬೀಳಲ್ಲ," ಎಂದ. "ಎರಡಾದ್ರೂ ಬೇಕು."

"ಗೊತ್ತು."

"ಅವನಿಗೆ ಹೇಳಿದ್ಯಾ?"

"ಅವನು ನನ್ನನ್ನ ಕೇಳಿದ್ನಾ?"

ಗಂಡ ನಿಧಾನವಾಗಿ ತಲೆ ತಿರುಗಿಸಿ ಅವಳ ಮುಖ ನೋಡಿದ. 

ಮರುದಿನ ಒಂಬತ್ತಕ್ಕೆ ಮೊದಲ ಕೊಂಬೆ ಇಳಿಯಿತು. ಮೈದುನ ಮೇಲೆ ಕೊಯ್ದ, ಅವಳು ಕೆಳಗೆ ಹಗ್ಗ ಬಿಟ್ಟಳು. ತೋಟದ ಕಡೆಯ ಕೊಂಬೆಗಳನ್ನೆಲ್ಲ ಒಂದೊಂದಾಗಿ ತೆಗೆಸಿದಳು. ಮನೆಯ ಕಡೆಯ ಕೊಂಬೆಗಳಿಗೆ ಅವನು ಕೈ ಹಾಕಲು ಹೋದಾಗ "ಅವು ಇರ್ಲಿ" ಎಂದಳು. ಮಧ್ಯಾಹ್ನ ಕಳೆಯುವಷ್ಟರಲ್ಲಿ ಮರದ ಭಾರವೆಲ್ಲ ಒಂದೇ ಮಗ್ಗುಲಿಗೆ ಬಂದಿತ್ತು, ತಲೆಯ ಮೇಲೆ ಕೊಡವನ್ನು ವಾಲಿಸಿ ಹೊತ್ತವಳ ಹಾಗೆ. ಮರ ಅತ್ತ ವಾಲದಂತೆ ಮೇಲಿನಿಂದ ಎರಡು ಹಗ್ಗ ತಂದು ಗೇಟಿನ ಕಂಬಕ್ಕೆ ಬಿಗಿದಳು.

ಮರ ಯಾವ ಕಡೆ ಬೀಳಬೇಕೋ ಆ ಕಡೆಯ ಬುಡದಲ್ಲಿ ಮೊದಲು ಒಂದು ಆಳದ ಕಚ್ಚು ಹಾಕುತ್ತಾರೆ. ಅದಕ್ಕೆ ಬಾಯಿ ಎನ್ನುತ್ತಾರೆ. ಅವಳು ಸೀಮೆಸುಣ್ಣದಲ್ಲಿ ಗುರುತು ಹಾಕಿದ್ದು ನೋಡಿ ಮೈದುನ ಯಂತ್ರ ನಿಲ್ಲಿಸಿದ.

"ಅತ್ತಿಗೆ, ಬಾಯಿ ಮನೆ ಕಡೆ ಇದೆ."

"ನಿಂಗೆ ಕಣ್ಣಿದೆ ಅಂತ ಗೊತ್ತಾಯ್ತು. ಕೊಯ್ಯಿ."

ಅವನು ಅವಳನ್ನು ಒಂದು ಗಳಿಗೆ ನೋಡಿದ. ಆಮೇಲೆ ಯಂತ್ರದ ದಾರ ಎಳೆದ.

ಸಾಹೇಬ ಮೂರು ಗಂಟೆಗೇ ಬಂದು ಗಾಜಿನ ಹಜಾರದಲ್ಲಿ ಯಜಮಾನನ ಜೊತೆ ಚಹ ಕುಡಿಯುತ್ತಾ ಕೂತಿದ್ದ. ಕೆಳಗೆ ಬಾಯಿ ತನ್ನ ಕಡೆಗೇ ತೆರೆದುಕೊಳ್ಳುತ್ತಿದ್ದುದು ಅವನ ಕಣ್ಣೆದುರೇ ಇತ್ತು. ಕಾಣಲಿಲ್ಲ. ಅವನು ಮರ ನೋಡಿದ್ದೆಲ್ಲ ಕಾಗದದಲ್ಲಿ. ಮೈದುನ ಹಿಂದಿನ ಮಗ್ಗುಲಿಂದ ಕೊಯ್ಯತೊಡಗಿದ. ಹಗ್ಗದಕ್ಕ ಬುಡದ ಪಕ್ಕ ಕುಕ್ಕರುಗಾಲಲ್ಲಿ ಕೂತು, ಗೇಣು ಹಾಕಿ ಹಾಕಿ ನೋಡಿ, ಎರಡು ಗೇಣು ಉಳಿದಾಗ ಕೈ ಎತ್ತಿದಳು. ಐದಕ್ಕೆ ಎರಡು ನಿಮಿಷವಿತ್ತು. ಯಂತ್ರ ಸುಮ್ಮನಾಯಿತು.

ಅವಳು ಕಂಬದ ಗಂಟು ಬಿಚ್ಚಿ ಎರಡೂ ಹಗ್ಗ ಸಡಿಲ ಬಿಟ್ಟಳು. ಮರ ಒಂದು ಸಲ ಒಳಗೊಳಗೇ ಲಟಕ್ಕೆಂದು ಮನೆಯ ಕಡೆ ಒಂದು ಬೆರಳಷ್ಟು ಬಾಗಿ ನಿಂತಿತು. ಅವಳು ಹಗ್ಗ ಎಳೆದು ಸುರುಳಿ ಸುತ್ತತೊಡಗಿದಳು.

"ಯಾಕೆ ನಿಲ್ಸಿದ್ದು?" ಸಾಹೇಬ ಮೆಟ್ಟಿಲಿಳಿದು ಬಂದ, ಹಿಂದೆ ಯಜಮಾನ.

"ಐದಾಯ್ತು."

"ಆದ್ರೇನು? ಇನ್ನು ಕಾಲು ಗಂಟೆ ಕೆಲ್ಸ. ಕೊಯ್ಯೋಕೆ ಹೇಳು."

"ಬರ್ದು ಕೊಡಿ."

"ಬಾಯಲ್ಲಿ ಹೇಳ್ತಿದೀನಲ್ಲ."

"ಎರಡು ವರ್ಷದ ಹಿಂದೆನೂ ಬಾಯಲ್ಲೇ ಹೇಳಿದ್ರಿ. ಇವನು ಐದೂ ಹತ್ತರವರೆಗೆ ಕೊಯ್ದ ಅಂತ ನೀವೇ ಬಂದು ಯಂತ್ರ ಹೊತ್ಕೊಂಡು ಹೋದ್ರಿ. ಮೂರು ತಿಂಗಳು ಮನೇಲಿ ಒಲೆ ಸರಿಯಾಗಿ ಉರೀಲಿಲ್ಲ. ಕಾಗದದ ಹಿಂದೆ ಅಚ್ಚು ಹಾಕ್ಸಿದೀರಲ್ಲ ಸ್ವಾಮಿ, ಹೊತ್ತು ಮೀರಿ ಕಡಿದ್ರೆ ಶಿಕ್ಷೆ ಕಡಿದವರಿಗೆ ಅಂತ. ನಾನು ನಾಲ್ಕನೇ ಇಯತ್ತೆ, ಓದ್ಕೊಂಡೇ ಬಂದಿದೀನಿ."

ಯಜಮಾನ ಮರದ ತಲೆ ನೋಡಿದ. ಆಮೇಲೆ ಬುಡ ನೋಡಿದ.  "ಇದು ಯಾವ ಕಡೆ ಬೀಳತ್ತೆ?"

ಹಗ್ಗದಕ್ಕ ಗದ್ದ ಎತ್ತಿ ಗಾಜಿನ ಹಜಾರ ತೋರಿಸಿದಳು.

"ಬೋಳಿಮಗಳೇ, ನಿನ್ನ ಕೋಣೆಗೆ ಬೆಂಕಿ ಇಡ್ತೀನಿ. ಜೈಲಿಗೆ ಹಾಕಿಸ್ತೀನಿ ನಿನ್ನ."

"ಹಾಕ್ಸಿ. ಜೈಲಿನ ಸೂರು ಕಾಂಕ್ರೀಟಿನದಂತೆ."

"ಹೊಸ ಪರವಾನಗಿ ಕೊಡ್ರಿ ಇವಳಿಗೆ," ಎಂದು ಯಜಮಾನ ಸಾಹೇಬನ ಮೇಲೆ ರೇಗಿದ. "ನಾಳೆಯದೊಂದು ಬರೀರಿ."

"ಹೊಸದಕ್ಕೆ ಹೊಸ ಅಳತೆ ಬೇಕು," ಎಂದಳು ಹಗ್ಗದಕ್ಕ. "ನೀವು ಮೇಲೆ ಅಳೆಸಿದ ಕವಲನ್ನ ಇಳಿಸಿ ಆಗಿದೆ. ಈಗ ಏಣಿಗೆ ಕೆಲ್ಸ ಇಲ್ಲ, ಬುಡವೇ ಅಳೀಬೇಕು. ಬನ್ನಿ ಸ್ವಾಮಿ, ಅಪ್ಕೊಳ್ಳಿ."

ಸಾಹೇಬ ಒಂದು ಹೆಜ್ಜೆ ಮುಂದಿಟ್ಟ. ಮರದೊಳಗೆ ಎಲ್ಲೋ ಒಂದು ನಾರು ಟಪ್ಪೆಂದಿತು. ಅವನು ನಾಲ್ಕು ಹೆಜ್ಜೆ ಹಿಂದೆ ಬಂದ. ಅಳೆದರೆ ಮೂರು ಮೀಟರು ದಾಟುತ್ತದೆ, ನಿನ್ನೆ ಒಂದೂವರೆ ಬರೆದ ಕೈ ಯಾರದೆಂದು ಮೇಲಿನವರು ಕೇಳುತ್ತಾರೆ ಎನ್ನುವುದು ಅವನ ಹಣೆಯ ಬೆವರಿನಲ್ಲಿತ್ತು.

ಯಜಮಾನನ ದನಿ ತಗ್ಗಿತು. "ನೋಡಮ್ಮ, ನಿಂಗೆ ಬೇಕಾಗಿರೋದು ಹಿಂದಿನ ಕೊಂಬೆ ತಾನೇ? ತಗೋ. ಈಗ್ಲೇ ಸೈನ್ ಹಾಕ್ತೀನಿ. ಸಾಹೇಬ್ರೂ ಹಾಕ್ತಾರೆ."

"ಹಾಕಿ."

ಕಾರಿನ ಮೂತಿಯ ಮೇಲೆ ಇಬ್ಬರೂ ಹಾಕಿದರು. ಸಾಹೇಬನ ಅವಸರಕ್ಕೆ ಮೊಹರು ಸೊಟ್ಟಗೆ ಬಿತ್ತು. ಅವಳು ಕಾಗದವನ್ನು ಓದಿದಳು, ಬೆರಳಿಟ್ಟು, ಅಕ್ಷರಕ್ಕೆ ಅಕ್ಷರ ಕೂಡಿಸಿ. ಇಬ್ಬರೂ ಕಾದರು. ಮಡಚಿ ಎದೆಗೆ ಸಿಕ್ಕಿಸಿಕೊಂಡಳು.

"ಈಗ ಕೊಯ್ಸು," ಎಂದ ಯಜಮಾನ.

"ಹಿಂದಿನದು ರಕ್ಷಿತ ಮರ ಯಜಮಾನ್ರೇ. ಸೈನ್ ಆದ್ಮೇಲೆ ನೋಟಿಸು ಅಂಟಿಸಿ ಮೂವತ್ತು ದಿನ ಕಾಯಬೇಕು ಅಂತ ಸಾಹೇಬ್ರೇ ಹೇಳಿದ್ರು. ಇದೂ ಅಳೆದ್ರೆ ರಕ್ಷಿತವೇ, ಇದಕ್ಕೂ ಮೂವತ್ತು ದಿನ. ಕಾಯೋಣ. ಅಲ್ಲೀವರೆಗೆ ನಾವು ನಮ್ಮದರ ಕೆಳಗೆ ಮಲಗ್ತೀವಿ, ನೀವು ನಿಮ್ಮದರ ಕೆಳಗೆ ಮಲ್ಕೊಳ್ಳಿ."

"ನೀನೊಬ್ಬಳೇನಾ ಊರಲ್ಲಿ ಕಡಿಯೋಳು?"

ಯಜಮಾನ ಫೋನು ಮಾಡಿದ. ಮುಕ್ಕಾಲು ಗಂಟೆಯೊಳಗೆ ಬೇರೆ ತಂಡದ ಮೂವರು ಬಂದರು. ಹಿರಿಯನೊಬ್ಬ ಮರದ ಸುತ್ತ ದೂರದಿಂದಲೇ ಒಂದು ಸುತ್ತು ಬಂದು, ಬಾಯಿ ನೋಡಿ, ಗೇಟಿನಾಚೆ ಹಗ್ಗದ ಸುರುಳಿಯ ಮೇಲೆ ಕೂತಿದ್ದ ಹಗ್ಗದಕ್ಕನನ್ನು ನೋಡಿ, ಉಗುಳಿದ. "ಇನ್ನೊಬ್ಬರು ಬಾಯಿ ಇಟ್ಟ ಮರಕ್ಕೆ ನಾವು ಗರಗಸ ಇಡಲ್ಲ. ಒಳಗೆ ಎಷ್ಟು ಉಳ್ಸಿದಾರೋ ಉಳಿಸಿದವರಿಗೇ ಗೊತ್ತು. ನಮಗೂ ಹೆಂಡ್ತಿ ಮಕ್ಕಳಿದಾರೆ." ಹೋಗುವಾಗ ಅವಳ ಮುಂದೆ ನಿಂತು ಮೆಲ್ಲಗೆ ಕೇಳಿದ, "ಎಷ್ಟು ಬಿಟ್ಟಿದೀಯಾ ತಾಯಿ?"

"ಎರಡು ಗೇಣು."

"ಗಾಳಿ ಇಲ್ದಿದ್ರೆ ನಿಲ್ಲತ್ತೆ," ಎಂದು ಅವನು ಹೊರಟುಹೋದ.

ಬಂಗಲೆಯಿಂದ ಜನ ಹೊರಬರತೊಡಗಿದರು. ಹಾಸಿಗೆ ಬಂತು, ಪೆಟ್ಟಿಗೆ ಬಂತು, ಬಟ್ಟೆಯ ಗಂಟು ಬಂತು. ಯಜಮಾನನ ಮುದಿ ತಾಯಿಯನ್ನು ಡ್ರೈವರೂ ಅಡುಗೆಯವನೂ ಕುರ್ಚಿ ಸಮೇತ ಎತ್ತಿ ತಂದು ರಸ್ತೆಯಂಚಿನಲ್ಲಿ ಇಳಿಸಿದರು. ಯಾಕೆ, ಏನಾಯಿತು ಎಂದು ಮುದುಕಿ ಎಲ್ಲರನ್ನೂ ಕೇಳುತ್ತಿತ್ತು.  ಸಾಹೇಬನ ಕಾರು ಯಾವಾಗ ಹೋಯಿತೋ ಗೊತ್ತಾಗಲಿಲ್ಲ.

ಹಗ್ಗದಕ್ಕ ಕೋಣೆಗೆ ಬಂದು ಕೈಕಾಲು ತೊಳೆದಳು. ಒಲೆ ಹಚ್ಚಿದಳು. ಗಂಡ ಯಂತ್ರದ ಸದ್ದು ನಿಂತಾಗಿನಿಂದ ಕಿವಿ ತೆರೆದುಕೊಂಡೇ ಮಲಗಿದ್ದ.

"ಬಿದ್ದ ಸದ್ದು ಕೇಳಲಿಲ್ಲ."

"ಬಿದ್ದಿಲ್ಲ."

"ಬಾಯಿ ಯಾವ ಕಡೆ?"

ಅವಳು ಹೇಳಿದಳು. ಎಷ್ಟು ಉಳಿಸಿದ್ದೆಂದೂ ಹೇಳಿದಳು. ಅವನು ಬಹಳ ಹೊತ್ತು ಲೆಕ್ಕ ಹಾಕಿದ. ಎಂಟು ತಿಂಗಳಿಂದ ನಗದವನ ಹೊಟ್ಟೆ ಸದ್ದಿಲ್ಲದೆ ಕುಲುಕಿತು. ಸೊಂಟದ ಮೇಲಿನ ಅರ್ಧ ಮೈ ಮಾತ್ರ ನಕ್ಕಿತು.

ಹೊರಗೆ ಧೂಳೆದ್ದಿತು. ತಗಡುಗಳು ಒಂದೊಂದಾಗಿ ಪಟಗುಟ್ಟಿದವು. ಮೈದುನ ಬಾಗಿಲಲ್ಲಿ ಬಂದು ನಿಂತ. "ಅತ್ತಿಗೆ, ಗಾಳಿ ಎದ್ದಿದೆ. ರಸ್ತೆ ಕಡೆಯಿಂದ. ನೇರ ಬಂಗಲೆ ಮೇಲೆ ಬೀಸ್ತಿದೆ." ತಲೆಯೆತ್ತಿ ಸೂರಿನ ಮೇಲೆ ಜೋತಾಡುತ್ತಿದ್ದುದನ್ನು ನೋಡಿದ. "ಅಣ್ಣನ್ನ ಆಚೆ ತರೋಣ. ನೀನು ತಲೆ ಕಡೆ ಹಿಡಿ."

"ಮುಟ್ಬೇಡ," ಎಂದ ಗಂಡ. "ಅಲ್ಲಾಡಿಸಬೇಡ ಅಂತ ಡಾಕ್ಟ್ರು ಹೇಳಿದಾರೆ." ಹೆಂಡತಿಯ ಕಡೆ ತಿರುಗಿದ. "ಬಾಗಿಲು ಪೂರ್ತಿ ತೆಗಿ. ಕೇಳಿಸ್ಬೇಕು."

"ಅದೇ ಗಾಳಿ ನಮ್ಮದಕ್ಕೂ," ಎಂದಳು ಹಗ್ಗದಕ್ಕ.

"ತೆಗಿಯೇ."

ಅವಳು ಬಾಗಿಲನ್ನು ಗೋಡೆಗೆ ಆನುವವರೆಗೂ ತಳ್ಳಿ, ಮತ್ತೆ ಮುಚ್ಚಿಕೊಳ್ಳದ ಹಾಗೆ ಕಲ್ಲು ಇಟ್ಟಳು. ಗಾಳಿ ಒಳಗೆ ನುಗ್ಗಿ ಒಲೆ ಆರಿತು. ಅವಳು ಮಂಚದ ಪಕ್ಕ ನೆಲದ ಮೇಲೆ ಕೂತು ಗಂಡನ ಕೈ ಹಿಡಿದುಕೊಂಡಳು.