ಓಝೆಲ್ಲಾಳ ಅತಿಥಿಗೃಹ

ಮಿಷಿಗನ್ನಿನ ಪೈನ್ ಕಾಡಿನ ನಡುವೆ, ಒಂದು ಸಣ್ಣ ಸರೋವರದ ದಂಡೆಯಲ್ಲಿ ಓಝೆಲ್ಲಾ ಪೆಟಿಫರ್ಡಳ ಅತಿಥಿಗೃಹವಿತ್ತು. ಬೇರೆ ಕಡೆ ಕಪ್ಪು ಜನಕ್ಕೆ ಕೋಣೆ ಕೊಡದ ಕಾಲ. ಬೇಸಿಗೆ ಬಂತೆಂದರೆ ಡೆಟ್ರಾಯಿಟಿನ, ಶಿಕಾಗೋದ ಕಪ್ಪು ಡಾಕ್ಟರರು, ವಕೀಲರು, ಶಾಲೆಯ ಮೇಡಮ್ಮುಗಳು ಇಲ್ಲಿಗೇ ಬರಬೇಕು. ಸಂಜೆ ಬಿಳಿ ಕೈಗವಸು ತೊಟ್ಟು, ಮಿರಿಮಿರಿ ಮಿಂಚುವ ಕಾರುಗಳಲ್ಲಿ ಕುಣಿಯಲು ಹೊರಡುವ ಆ ಹೆಂಗಸರನ್ನು ನೋಡುವುದೇ ಬಟ್ಟೆ ಒಗೆಯುವವಳ ಮಗಳಾದ ಓಝೆಲ್ಲಾಳಿಗೆ ಹಬ್ಬ. ಗಂಡ ಲೂತರನ ಕಾರ್ಖಾನೆ ಸಂಬಳದಲ್ಲಿ ಒಂದೊಂದೇ ಕೋಣೆ ಕಟ್ಟಿಸಿ ಬೆಳೆಸಿದ ಮನೆ ಅದು.

ಬಣ್ಣ ನೋಡಿ ಯಾರಿಗೂ ಕೋಣೆ ಇಲ್ಲವೆನ್ನಬಾರದು ಎಂದು ಕಾನೂನು ಬದಲಾದ ಮರುವರ್ಷ. ಎಂದೂ ತಪ್ಪಿಸದ ದಂತವೈದ್ಯ ಮೆರಿವೆದರ್ ಮತ್ತು ಅವರ ಹೆಂಡತಿ ಕೊರೀನ್ ಬಂದರು; ಪೆಟ್ಟಿಗೆ ಮಾತ್ರ ಇಳಿಸಲಿಲ್ಲ.

"ಬೈಬೇಡ ಕಣೇ ಓಝೀ," ಎಂದಳು ಕೊರೀನ್. "ಈ ಸಲ ದೊಡ್ಡ ಸರೋವರದ ಹತ್ರ ಬಿಳಿಯರ ಹೋಟ್ಲಿಗೆ ಹೋಗ್ತಿದೀವಿ. ಈಗ ನಮ್ಗೂ ಕೋಣೆ ಕೊಡ್ತಾರೆ."

"ನಾನ್ಯಾಕೆ ಬೈಲಿ? ಅಲ್ಲಿ ನನ್ನಂಗೆ ಕೋಳಿ ಹುರಿಯೋರು ಯಾರಿದಾರೆ ಅನ್ನೋದೇ ಯೋಚ್ನೆ!"

ದಾರಿಗೆಂದು ಕೋಳಿಯನ್ನೂ ಕಟ್ಟಿಕೊಟ್ಟಳು. ಕಾರು ಮರೆಯಾದ ಮೇಲೆ, ಅವರಿಗೆಂದು ಹಾಸಿದ್ದ ಹೊಸ ಹೊದಿಕೆ ಮಡಿಸುತ್ತ ಅತ್ತಳು.

"ಅವ್ರ ಮೇಲೆ ಸಿಟ್ಟಾ?" ಲೂತರ್ ಕೇಳಿದ.

"ಸಿಟ್ಟಲ್ಲ ಕಣೋ. ನಂಗೂ ಅಲ್ಲಿಗೆ ಹೋಗ್ಬೇಕು ಅನ್ನಿಸ್ತಿದೆ. ಅದಕ್ಕೇ ಅಳು."

ಎಲೆ ಕೆಂಪಾಗುವ ಹೊತ್ತಿಗೆ ಗಂಡ ಹೆಂಡತಿ ಇಬ್ಬರೂ ಆ ಹೋಟೆಲಿಗೆ ಹೋದರು. ಬಿಳಿಯ ಮಾಣಿ ಕುರ್ಚಿ ಎಳೆದುಕೊಟ್ಟಾಗ ಓಝೆಲ್ಲಾಳ ಎದೆ ಉಬ್ಬಿತು. ಲೂತರ್ ಸಾರು ಬಾಯಿಗಿಟ್ಟು ಮುಖ ಹಿಂಡಿದ.

"ಉಪ್ಪು ಹಾಕೋಕೂ ಇವ್ರಿಗೆ ಕಾನೂನು ತರ್ಬೇಕೇನೋ."

ಅಕ್ಕಪಕ್ಕದವರೆಲ್ಲ ತಿರುಗಿ ನೋಡುವಷ್ಟು ನಕ್ಕಳು ಅವಳು.

ಆಮೇಲೆ ವರ್ಷ ವರ್ಷಕ್ಕೂ ಕಾರುಗಳು ಕಡಿಮೆಯಾದವು. ಅತಿಥಿಗಳು ಸಂಜೆ ಕುಣಿಯಲು ಹೋಗುತ್ತಿದ್ದ ಸಭಾಂಗಣದ ಮಾಡು ಹಿಮದ ಭಾರಕ್ಕೆ ಕುಸಿಯಿತು. ಲೂತರನ ಕಾರ್ಖಾನೆಯೂ ಮುಚ್ಚಿತು. ಓಝೆಲ್ಲಾ ಅತಿಥಿಗೃಹಕ್ಕೆ ಬೀಗ ಹಾಕಿ ಆಸ್ಪತ್ರೆಯೊಂದರ ಅಡುಗೆಮನೆಗೆ ಸೇರಿದಳು. ಅದೇ ಸಂಬಳದಲ್ಲಿ ಮಗಳನ್ನು ವಕೀಲೆ ಮಾಡಿದಳು. ಮಗಳ ರಜೆಗಳೆಲ್ಲ ಈಗ ಪ್ಯಾರಿಸ್ಸಿನಲ್ಲಿ.

ಬಹಳ ಕಾಲದ ಮೇಲೆ, ವಿಧವೆಯಾದ ಕೊರೀನ್ ಓಝೆಲ್ಲಾಳನ್ನು ನೋಡಲು ಆ ಹಳೆಯ ಸರೋವರಕ್ಕೆ ಒಬ್ಬಳೇ ಬಂದಳು. ಇಬ್ಬರೂ ಕಾಫಿ ಹಿಡಿದು, ನೀರಿಗೆ ಕಾಲು ಇಳಿಬಿಟ್ಟು ಕೂತರು.

"ಆ ಹೋಟ್ಲಲ್ಲಿ ಎಷ್ಟೊಂದು ಬೇಸಿಗೆ ಕಳೆದ್ವಿ, ಒಬ್ರ ಹೆಸ್ರೂ ನೆನಪಿಲ್ಲ ಕಣೇ," ಎಂದಳು ಕೊರೀನ್. "ಇಲ್ಲಿಗೆ ಬರ್ತಿದ್ದೋರ ನಾಯಿ ಹೆಸ್ರೂ ನೆನಪಿದೆ."

"ಓಹೋ! ವಕೀಲ ಟಿಲ್ಮನ್ನನ ನಾಯಿ?"

"ಡಚೆಸ್! ನನ್ನ ಈಸ್ಟರ್ ಟೋಪಿ ಹರಿದು ಹಾಕಿತ್ತಲ್ಲ, ದರಿದ್ರದ್ದು!"

ಹೆಸರಿನ ಹಿಂದೆ ಹೆಸರು ಬಂತು. ಕಾಫಿ ಆರಿಹೋಯಿತು, ಇಬ್ಬರಿಗೂ ಏಳುವ ಮನಸ್ಸಾಗಲಿಲ್ಲ.