ವಿಳಾಸ ಪೂರ್ತಿ ಬರೀರಿ

ನಾನು ಒಂದು ವೆಬ್ ಪುಟ. ಇಡೀ ವೆಬ್‌ಸೈಟ್ ಅಲ್ಲ, ಒಂದೇ ಒಂದು ಪುಟ. ಹುಬ್ಬಳ್ಳಿಯ ರುಬೀನಾ ಎಂಬ ಹುಡುಗಿ ಊಟದ ಮೇಜಿನ ಮೇಲೆ ಕಂಪ್ಯೂಟರ್ ಇಟ್ಟುಕೊಂಡು ಎರಡು ಮಧ್ಯಾಹ್ನಗಳಲ್ಲಿ ನನ್ನನ್ನು ಮಾಡಿ ಮುಗಿಸಿದಳು. ನನಗಿದ್ದ ಕೆಲಸವೂ ಒಂದೇ. ಬಂದವರ ಮನವೊಲಿಸಿ ಅವರ ಇಮೇಲ್ ವಿಳಾಸ ಬರೆಸಿಕೊಳ್ಳುವುದು.

ಆ ವಿಳಾಸಗಳು ಬೇಕಾಗಿದ್ದುದು ಧಾರವಾಡದ ಇಂದುಮತಿ ಹಲಗತ್ತಿ ಅವರಿಗೆ. ಇಪ್ಪತ್ತೆಂಟು ವರ್ಷ ರೇಡಿಯೋದಲ್ಲಿ ಕೇಳುಗರ ಪತ್ರಗಳನ್ನು ಓದಿ ನಿವೃತ್ತರಾದವರು. ಈಗ ಮನೆಯಲ್ಲಿ ಅವರ ಮಾತು ಕೇಳಲು ಯಾರೂ ಇರಲಿಲ್ಲ. ಹಳೆಯ ಕೇಳುಗರನ್ನೆಲ್ಲ ಕೂಡಿಸಿ ವಾರಕ್ಕೊಂದು ಪತ್ರ ಕಳಿಸಬೇಕೆಂಬುದು ಅವರ ಆಸೆ.

"ನನ್ನ ನೆನಪು ಯಾರಿಗರೆ ಅದನೋ ಇಲ್ಲೋ, ನೋಡೇ ಬಿಡ್ತೀನಿ. ಒಂದು ವರ್ಷ ಇಡು. ಯಾರೂ ಬರಲಿಲ್ಲಂದ್ರ ತೆಗೆದುಬಿಡು," ಎಂದಿದ್ದರು.

ರುಬೀನಾಳಿಗೆ ತನ್ನ ಕಸುಬು ಚೆನ್ನಾಗಿ ಗೊತ್ತಿತ್ತು. "ಒಂದ ಪೆಟ್ಟಿಗಿ ಇಡೋಣ್ರೀ ಅಕ್ಕಾರ. ಹೆಸರು, ವಯಸ್ಸು ಅಂತ ಕೇಳ್ಕೋತ ಹೋದ್ರ ಮಂದಿ ಓಡಿ ಹೋಗ್ತಾರ," ಎಂದಳು. ನನ್ನ ನೆತ್ತಿಯ ಮೇಲೆ ಇಂದುಮತಿಯವರು ಮೈಕಿನ ಮುಂದೆ ನಗುತ್ತಿರುವ ಹಳೆಯ ಫೋಟೋ ಇಟ್ಟಳು. ಕೆಳಗೆ ಅರಿಸಿನ ಬಣ್ಣದ ಗುಂಡಿ. 'ಸಲ್ಲಿಸಿ' ಎಂದು ಬರೆದರೆ ಕಚೇರಿಗೆ ಅರ್ಜಿ ಕೊಟ್ಟ ಹಾಗಾಗುತ್ತದೆಂದು 'ನನಗೂ ಪತ್ರ ಬರಲಿ' ಎಂದು ಬರೆದಳು. ಪೆಟ್ಟಿಗೆಯ ಮೇಲೆ 'ಇಮೇಲ್ ವಿಳಾಸ' ಎಂದು ಹಾಕಿದಾಗ ಮಾತ್ರ ಇಂದುಮತಿಯವರು ಮುಖ ಸಿಂಡರಿಸಿದರು.

"ಅದನ್ನ ತೆಗಿಯವಾ. 'ವಿಳಾಸ ಪೂರ್ತಿ ಬರೀರಿ' ಅಂತ ಹಾಕು. ಪ್ರತಿ ವಾರ ಕಾರ್ಯಕ್ರಮದ ಕಡೀಗೆ ಅದನ್ನ ಹೇಳ್ತಿದ್ದೆ. ನನ್ನ ಮಾತು ಅಂತ ಅವರಿಗೆ ಗೊತ್ತಾಗ್ತದ."

ಗೊತ್ತಾಯಿತು. ಅದೇ ಎಡವಟ್ಟಾಯಿತು.

ನನಗೆ ಕಣ್ಣಿಲ್ಲ. ಬಂದವರನ್ನು ಅವರ ಬೆರಳುಗಳಿಂದ ಗುರುತಿಸುತ್ತೇನೆ. ಮೊದಲು ಬಂದದ್ದು ಒಂದು ನಿಧಾನದ ಬೆರಳು. ಬಹಳ ಹೊತ್ತು ಫೋಟೋದ ಮೇಲೇ ನಿಂತಿತ್ತು. ಆಮೇಲೆ ಒಂದೊಂದೇ ಅಕ್ಷರ ಹುಡುಕಿ ಬರೆಯಿತು: 'ದ್ಯಾಮವ್ವ ತಳವಾರ, ಮು.ಪೋ. ಹೊಳೆಆಲೂರು.' ವಿಳಾಸವೆಂದರೆ ನಡುವೆ ಸುರುಳಿ ಸುತ್ತಿದ @ ಗುರುತು ಇರಲೇಬೇಕೆಂದು ನನಗೆ ಕಲಿಸಿದ್ದರು. ಇದರಲ್ಲಿ ಇರಲಿಲ್ಲ. ಕೆಂಪು ಅಕ್ಷರಗಳಲ್ಲಿ 'ವಿಳಾಸ ತಪ್ಪಾಗಿದೆ' ಎಂದೆ.

ದ್ಯಾಮವ್ವ ಪಿನ್‌ಕೋಡ್ ಸೇರಿಸಿದಳು. ತಪ್ಪಾಗಿದೆ ಎಂದೆ. 'ಶಾಲಿ ಹಿಂದ' ಎಂದು ಸೇರಿಸಿದಳು. ತಪ್ಪಾಗಿದೆ ಎಂದೆ. ಕೊನೆಗೆ ಅವಳು ಬರೆದಳು: 'ಇದು ನಮ್ಮ ಮನಿರಿ. ತಪ್ಪಿಲ್ರಿ.'

ಅದಕ್ಕೂ ತಪ್ಪಾಗಿದೆ ಎಂದೆ. ಆ ಬೆರಳು ಮತ್ತೆ ಬರಲಿಲ್ಲ.

ಸುದ್ದಿ ಬಾಯಿಂದ ಬಾಯಿಗೆ ಹಬ್ಬಿ, ಅವಳ ಹಾಗೆ ಇನ್ನೂ ಎಷ್ಟೋ ಮಂದಿ ಬಂದರು. ಮೊಮ್ಮಕ್ಕಳ ಫೋನಿನಲ್ಲಿ, ಅಂಗಡಿಯವರ ಫೋನಿನಲ್ಲಿ. ಎಲ್ಲರೂ ರೇಡಿಯೋಕ್ಕೆ ಕಾರ್ಡು ಬರೆದವರೇ. ಎಲ್ಲರೂ ವಿಳಾಸವನ್ನು ಪೂರ್ತಿ ಬರೆದರು. ಎಲ್ಲರನ್ನೂ ನಾನು ಬಾಗಿಲಿನಿಂದಲೇ ಹಿಂದಕ್ಕೆ ಕಳಿಸಿದೆ. ಕರೆಯುವುದಕ್ಕೆಂದೇ ಹುಟ್ಟಿದವನು ನಾನು. ನನಗೆ ನಾಚಿಕೆಯಾಗುತ್ತಿತ್ತು.

ಇಂದುಮತಿಯವರು ದಿನವೂ ಚಹಾ ಕುಡಿದು ಪಟ್ಟಿ ನೋಡುತ್ತಿದ್ದರು. ಎಂಟು ತಿಂಗಳಿಗೆ ಏಳು ವಿಳಾಸ. ಅದರಲ್ಲಿ ಎರಡು ಅವರವೇ, ಒಂದು ರುಬೀನಾಳದು. ಆಮೇಲೆ ಪಟ್ಟಿ ನೋಡುವುದನ್ನು ಬಿಟ್ಟರು. ಆಗಾಗ ನನ್ನನ್ನು ತೆರೆದು ತಮ್ಮ ಫೋಟೋವನ್ನಷ್ಟೇ ನೋಡಿ ಮುಚ್ಚುತ್ತಿದ್ದರು. ಜನ ಬರುತ್ತಿದ್ದಾರೆ, ನಾನೇ ಅಟ್ಟುತ್ತಿದ್ದೇನೆ ಎಂದು ಹೇಳಬೇಕೆನಿಸುತ್ತಿತ್ತು. ಆದರೆ ನನಗೆ ಬರುವ ಮಾತುಗಳು ಮೂರೇ, ಅವನ್ನು ನೀವು ಆಗಲೇ ಕೇಳಿದ್ದೀರಿ.

ವರ್ಷ ತುಂಬಿತು. "ತೆಗೆದುಬಿಡವಾ. ಮಂದಿ ಮರೆತಾರ," ಎಂದು ಅವರು ಫೋನ್ ಮಾಡಿದರು.

ತೆಗೆಯುವ ಮೊದಲು ರುಬೀನಾ ನನ್ನ ಜೇಬು ತಡಕಿದಳು. ನಾನು ತಿರಸ್ಕರಿಸಿದ್ದೆಲ್ಲ ಅಲ್ಲೊಂದು ಹಾಳೆಯಲ್ಲಿ ಜಮೆಯಾಗುತ್ತಿತ್ತು. ಬರೀ ಕಸ ಇರುತ್ತದೆಂದು ಅವಳು ಅದನ್ನು ಒಮ್ಮೆಯೂ ತೆರೆದಿರಲಿಲ್ಲ. ಈಗ ತೆರೆದು ನಾನೂರ ಹನ್ನೆರಡು ಸಾಲು ಕಂಡಳು. ಕೂಡಲೇ ಇಂದುಮತಿಯವರಿಗೆ ಫೋನ್ ಹಚ್ಚಿ, ಏನೂ ವಿವರಿಸದೆ ಓದತೊಡಗಿದಳು.

"ದ್ಯಾಮವ್ವ ತಳವಾರ, ಮುಕ್ಕಾಂ ಪೋಸ್ಟ್ ಹೊಳೆಆಲೂರು..."

ಆ ಕಡೆಯಿಂದ ರೇಡಿಯೋದ ದನಿ ಬಂತು. "ತಾಲ್ಲೂಕು ರೋಣ, ಜಿಲ್ಲಾ ಗದಗ. ಮುಂದಿಂದು ಓದು."

ರುಬೀನಾ ಊರು ಓದಿದಳು, ಇಂದುಮತಿಯವರು ತಾಲ್ಲೂಕು, ಜಿಲ್ಲೆ ಹೇಳಿದರು. ಸಂಜೆಯವರೆಗೂ ಹಾಗೇ ನಡೆಯಿತು. ನಡುನಡುವೆ ಅವರು ಅಳುತ್ತಿದ್ದರು, ಆದರೆ ಒಂದು ಜಿಲ್ಲೆಯನ್ನೂ ತಪ್ಪು ಹೇಳಲಿಲ್ಲ.

ಈಗ ಅವರು ಪತ್ರಗಳನ್ನು ಕೈಯಲ್ಲೇ ಬರೆದು ಅಂಚೆಗೆ ಹಾಕುತ್ತಾರೆ. ಉತ್ತರಗಳೂ ಅವರ ಮನೆಗೇ ಬರುತ್ತವೆಯಂತೆ. ರುಬೀನಾ ನನ್ನ ಕೆಂಪು ಮಾತನ್ನು ಅಳಿಸಿದಳು, ನನ್ನನ್ನು ಮಾತ್ರ ಅಳಿಸಲಿಲ್ಲ. ಈಗ ಏನು ಬರೆದರೂ ಸರಿ ಎನ್ನುತ್ತೇನೆ. ಬರೆಯುವವರಿಲ್ಲ.

ನನಗೂ ಒಂದು ವಿಳಾಸವಿದೆ. ಪೂರ್ತಿಯಾಗಿಯೇ ಇದೆ. ಅದನ್ನು ಬಾಯಿಪಾಠ ಹೇಳುವವರು ಯಾರೂ ಇಲ್ಲ.